ತಪ್ಪೊಪ್ಪಿಕೊಂಡ ಮೇಲೂ ಅಪೀಲು ಉಂಟು

"ಮಾಣಿ ಕೋರ್ಟಿನಲ್ಲೇ ಒಪ್ಪಿಕೊಂಡುಬಿಟ್ಟ, ಇನ್ನೆಂಥ ಅಪೀಲು" ಎಂದು ಕೈಚೆಲ್ಲುವವರು ಕೆಲವರು. "ಅವ ಕದ್ದೇ ಇಲ್ಲ ಅಂತ ಬರೀರಿ ವಕೀಲ್ರೇ" ಎಂದು ಹಟ ಹಿಡಿಯುವವರು ಇನ್ನು ಕೆಲವರು. ಇಬ್ಬರಿಗೂ ಹೇಳಿ ಹೇಳಿ ಸಾಕಾಗುತ್ತದೆ. ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 416ನೇ ಕಲಂ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 375, ತಪ್ಪೊಪ್ಪಿಕೊಂಡವನಿಗೆ 'ನಾನು ಅಪರಾಧಿಯಲ್ಲ' ಎಂಬ ವಾದವನ್ನಷ್ಟೇ ಮುಚ್ಚುತ್ತದೆ. ಶಿಕ್ಷೆ ಹೆಚ್ಚಾಯಿತೇ, ಅದು ಕಾನೂನುಬದ್ಧವೇ ಎಂದು ಕೆಳಕೋರ್ಟಿನ ತೀರ್ಪಿನ ಮೇಲೆ ಕೇಳಬಹುದು. ಪ್ಲೀ ಬಾರ್ಗೇನಿಂಗ್‌ನಲ್ಲಿ, ಅಂದರೆ ಕಡಿಮೆ ಶಿಕ್ಷೆಗಾಗಿ ಮಾತುಕತೆ ಮಾಡಿ ತಪ್ಪೊಪ್ಪಿಕೊಂಡು, ಮುಗಿದ ಕೇಸಿಗೆ ಮಾತ್ರ ಈ ಮಾತು ಅನ್ವಯಿಸದು.

ತೀರ್ಪಿನ ಕೊನೆಯ ಆದೇಶ ಭಾಗವನ್ನು ಮೊದಲು ಓದಿ. ಶಿರಸಿಯ ವಖಾರಿಯೊಂದರ ಬೀಗ ಮುರಿದು ನಾಲ್ಕು ಚೀಲ ಚಾಲಿ ಅಡಿಕೆ ಕದ್ದ ಕೇಸು ಅಂದುಕೊಳ್ಳಿ. ಒಳನುಗ್ಗಿದ್ದಕ್ಕೆ 2 ವರ್ಷ, ಕಳ್ಳತನಕ್ಕೆ ಒಂದೂವರೆ. 'ಏಕಕಾಲದಲ್ಲಿ' ಎಂದಿದ್ದರೆ ಎರಡಕ್ಕೆ ಮುಗಿಯಿತು. 'ಒಂದರ ನಂತರ ಒಂದು' ಎಂದಿದ್ದರೆ ಮೂರೂವರೆ. ಒಂದೇ ರಾತ್ರಿಯ ಒಂದೇ ಕೃತ್ಯ, ಹಾಗಾಗಿ ಏಕಕಾಲಕ್ಕೆ ನಡೆಯಲಿ ಎಂಬುದೇ ಅಪೀಲಿನ ಜೀವ. ಅಪರಾಧದ ಗಂಭೀರತೆ ನೋಡಿ ಇದನ್ನು ತೀರ್ಮಾನಿಸಬೇಕು ಎನ್ನುತ್ತದೆ 25ನೇ ಕಲಂ. ಆದೇಶದಲ್ಲಿ ಕಾರಣವೇ ಇಲ್ಲದಿದ್ದರೆ ಅದನ್ನು ಎತ್ತಿ ತೋರಿಸಿ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಒಂದು ಅಪರಾಧಕ್ಕೆ ಕೊಡಬಹುದಾದ ಸಜೆ 3 ವರ್ಷ, ಒಂದೇ ವಿಚಾರಣೆಯಲ್ಲಿ ಸಾಲಾಗಿ ಕೂಡಿಸಿದರೂ 6 ದಾಟುವಂತಿಲ್ಲ. ದಾಟಿದ್ದರೆ ಅದು ಕರುಣೆ ಬೇಡುವ ವಿಷಯವಲ್ಲ, ಅಧಿಕಾರ ಮೀರಿದ ಆದೇಶ.

ಶಿರಸಿಯಲ್ಲೊಂದು, ಕಾರವಾರದಲ್ಲೊಂದು ಎಂದು ಬೇರೆ ಬೇರೆ ಕೇಸುಗಳಿದ್ದರೆ ಲೆಕ್ಕ ಬೇರೆ. 467ನೇ ಕಲಮಿನಂತೆ, ಎರಡನೇ ಕೋರ್ಟು ಏನೂ ಹೇಳದಿದ್ದರೆ ಮೊದಲ ಶಿಕ್ಷೆ ಮುಗಿದ ಮೇಲೆಯೇ ಎರಡನೆಯದು ಶುರು. ಎಷ್ಟೋ ಸಲ ಮೊದಲ ಶಿಕ್ಷೆಯ ವಿಷಯವನ್ನು ಎರಡನೇ ಕೋರ್ಟಿನ ಗಮನಕ್ಕೆ ಯಾರೂ ತಂದಿರುವುದೇ ಇಲ್ಲ! ಕೃತ್ಯಗಳು ನಿಜಕ್ಕೂ ಬೇರೆಯಾಗಿದ್ದರೆ ಅಪೀಲಿನಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಅಪೀಲು ಹಾಕಲು ಗಡುವು ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಸೆಷನ್ಸ್ ಕೋರ್ಟಿಗೆ 30 ದಿನ, ಸೆಷನ್ಸ್ ತೀರ್ಪಿನ ಮೇಲೆ ಧಾರವಾಡ ಹೈಕೋರ್ಟ್ ಪೀಠಕ್ಕೆ 60 ದಿನ. ತೀರ್ಪಿನ ನಕಲು ಸಿಗಲು ಹಿಡಿದ ದಿನಗಳನ್ನು ಈ ಲೆಕ್ಕದಿಂದ ಕಳೆಯಬಹುದು. ಒಳಗಿರುವವನು ಜೈಲು ಅಧಿಕಾರಿಯ ಕೈಗೇ ಅರ್ಜಿ ಕೊಡಬಹುದು. ಕಾನೂನು ಸೇವಾ ಪ್ರಾಧಿಕಾರದಿಂದ ಅವನಿಗೆ ಉಚಿತ ವಕೀಲರೂ ಸಿಗುತ್ತಾರೆ. ಅಪೀಲು ಮುಗಿಯುವವರೆಗೆ ಶಿಕ್ಷೆ ತಡೆಹಿಡಿಯಿರಿ ಎಂಬ ಶಿಕ್ಷೆ ಅಮಾನತಿನ ಅರ್ಜಿಯನ್ನು ಜೊತೆಗೇ ಹಾಕಿ, ಇಲ್ಲದಿದ್ದರೆ ಅಪೀಲು ವಿಚಾರಣೆಗೆ ಬರುವಷ್ಟರಲ್ಲಿ ಸಜೆಯೇ ಮುಗಿದಿರುತ್ತದೆ.

ಇನ್ನು ದಂಡದ ಹಣ. ಅದನ್ನು ಕಟ್ಟದಿದ್ದರೆ ಬೀಳುವ ಸಜೆ ಮುಖ್ಯ ಸಜೆಯ ಜೊತೆ ಏಕಕಾಲಕ್ಕೆ ನಡೆಯುವುದಿಲ್ಲ, ಮೇಲೆ ಸೇರುತ್ತದೆ. ಅಪೀಲು ಗೆದ್ದೂ ಐದು ಸಾವಿರ ಕಟ್ಟದೆ ಮೂರು ತಿಂಗಳು ಒಳಗೆ ಕೂರಬೇಕಾದೀತು.