ಪದ ಪರಿಚಯ: ಹಬ್ಬು

ಹಿತ್ತಲಿನ ಕುಂಬಳ ಬಳ್ಳಿ ಬೇಲಿಗೆ ಹಬ್ಬುತ್ತದೆ. ಕಣದಲ್ಲಿ ರಾಗಿಯನ್ನು ಒಣಗಲು ಹರಡುತ್ತೇವೆ. ರಾಗಿಯನ್ನು ಯಾರೂ ‘ಹಬ್ಬಿಸುವುದಿಲ್ಲ’, ಅಲ್ವಾ? ಹರಡಿದ ಕಾಳು ಬಿಡಿಬಿಡಿ. ಹಬ್ಬಿದ ಬಳ್ಳಿ ಎಷ್ಟು ದೂರ ಹೋದರೂ ಬುಡ ಇದ್ದಲ್ಲೇ ಇರುತ್ತದೆ. ಬುಡ ಬಿಡದೆ, ಪಕ್ಕದ್ದನ್ನು ಹಿಡಿದುಕೊಂಡು ತಾನಾಗಿ ಮುಂದಕ್ಕೆ ಹೋಗುವುದೇ ಹಬ್ಬುವುದು.

ಈ ‘ತಾನಾಗಿ’ ಅನ್ನುವುದು ವ್ಯಾಕರಣದಲ್ಲೂ ಕಾಣುತ್ತದೆ. ಚಾಪೆ ಮೇಲೆ ಹಪ್ಪಳ ಹರಡಿದರು ಅನ್ನಬಹುದು, ಜ್ವರ ಹರಡಿತು ಅಂತಲೂ ಅನ್ನಬಹುದು. ಹಬ್ಬು ಹಾಗಲ್ಲ. ಬೇರೆಯವರು ಕೈ ಹಾಕಿದರೆ ‘ಇಸು’ ಸೇರಲೇಬೇಕು: ಮಲ್ಲಿಗೆಯನ್ನು ಚಪ್ಪರಕ್ಕೆ ಹಬ್ಬಿಸಿದರು, ಮೆಣಸಿನ ಬಳ್ಳಿಯನ್ನು ಅಡಿಕೆ ಮರಕ್ಕೆ ಹಬ್ಬಿಸಿದರು.

ಹಳಗನ್ನಡದಲ್ಲಿ ಇದು ಪರ್ವು, ಪರ್ಬು. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ ಮೊದಲಿನ ‘ಪ’ ಹೋಗಿ ‘ಹ’ ಬಂತು. ನಡುವಿನ ‘ರ್ಬ’ ‘ಬ್ಬ’ ಆಯಿತು. ಕರ್ಬು ಕಬ್ಬಾದದ್ದೂ ಇರ್ಬರು ಇಬ್ಬರಾದದ್ದೂ ಇದೇ ದಾರಿಯಲ್ಲಿ. ಹರಡು, ಹರವು ಇದರ ಒಡಹುಟ್ಟುಗಳು. ಹಳೆಯ ರೂಪ ಪರಡು, ಪರಪು. ತಮಿಳಿನ ಪರವು ಕೂಡ ಇದೇ ಮನೆತನದ್ದು. ಪಸರಿಸು ಮಾತ್ರ ಸಂಸ್ಕೃತದ ‘ಪ್ರಸರ’ದಿಂದ ಬಂದ ನೆಂಟ.

ಹಬ್ಬಕ್ಕೂ ಹಬ್ಬುವುದಕ್ಕೂ ಸಂಬಂಧ ಹುಡುಕುವವರು ಇದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ಹಬ್ಬ ಬಂದದ್ದು ಸಂಸ್ಕೃತದ ‘ಪರ್ವ’ದಿಂದ. ಅದೂ ಪ-ಹ, ರ್ಬ-ಬ್ಬ ಅಂತ ಇದೇ ದಾರಿ ಹಿಡಿದು ಬಂದದ್ದರಿಂದ ಎರಡರ ಮುಖವೂ ಒಂದೇ ಥರ ಆಗಿದೆ, ಅಷ್ಟೇ.

ಬಳ್ಳಿಯಷ್ಟೇ ಅಲ್ಲ, ಬೆಟ್ಟವೂ ಹಬ್ಬುತ್ತದೆ. ಪುಣ್ಯಕೋಟಿಯ ಗೋವಿನ ಹಾಡಿನಲ್ಲಿ ಹುಲಿ ಇರುವುದು ‘ಹಬ್ಬಿದಾ ಮಲೆ ಮಧ್ಯದೊಳಗೆ’. ಬೆಟ್ಟ ಅಲುಗುವುದಿಲ್ಲ ನಿಜ. ಆದರೆ ಒಂದರ ಬೆನ್ನಿಗೆ ಒಂದು ಅಂಟಿಕೊಂಡು ಕಣ್ಣಿಗೆ ಕಾಣುವಷ್ಟು ದೂರವೂ ಮಲೆಯೇ. ‘ದೊಡ್ಡ ಮಲೆ’ ಅಂದಿದ್ದರೆ ಈ ಚಿತ್ರ ಸಿಗುತ್ತಿರಲಿಲ್ಲ. ಕಾಡಿನ ಬೆಂಕಿ, ಹೆಸರು, ವಂಶ ಎಲ್ಲಕ್ಕೂ ಈ ಮಾತು ಸಲ್ಲುತ್ತದೆ.

ಸುದ್ದಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರು. ‘ಊರೆಲ್ಲಾ ಸುದ್ದಿ ಹಬ್ಬಿತು’ ಅಂದರೆ ಯಾರ ಮೇಲೂ ದೂರಿಲ್ಲ, ಬಾಯಿಂದ ಬಾಯಿಗೆ ಹೋಯಿತು ಅಷ್ಟೇ. ‘ಸುದ್ದಿ ಹಬ್ಬಿಸಿದರು’ ಅಂದ ಕೂಡಲೇ ಅದು ಸುಳ್ಳು, ಯಾರೋ ಬೇಕಂತಲೇ ಮಾಡಿದ್ದು ಅನ್ನುವ ಅರ್ಥ ಬರುತ್ತದೆ. ಮಗಳ ಮದುವೆ ಗೊತ್ತಾದ ಸುದ್ದಿಯನ್ನು ಅಪ್ಪ ಎಲ್ಲರಿಗೂ ಹೇಳುತ್ತಾನೆ, ತಿಳಿಸುತ್ತಾನೆ. ಗೊತ್ತಾದ ಮದುವೆ ಮುರಿದುಬಿತ್ತು ಅಂತ ಹಬ್ಬಿಸುವವರು ಬೇರೆಯವರು.