ನಳಿಗೆ ಬಾಗಿಸಿ ಅನ್ನುವ ಮುಂಚೆ

ಆಗಸ್ಟ್ ಬಂತೆಂದರೆ ಕೊಡಗಿನಲ್ಲಿ ಕೋವಿ ರಿಪೇರಿ ಮಾಡುವವರಿಗೆ ಬಿಡುವಿರುವುದಿಲ್ಲ. ಸೆಪ್ಟೆಂಬರ್ 3ಕ್ಕೆ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್. ನಾಟಿ ಮುಗಿದಿರುತ್ತದೆ, ಕೋವಿ ಹೊರಗೆ ಬರುತ್ತದೆ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಆಗುತ್ತದೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ನೆಂಟರೆಲ್ಲ ನಿಂತು ನೋಡುವಾಗ ಕಾಯಿ ಅಲುಗಾಡದಿದ್ದರೆ ಯಾರಿಗೆ ಚೆನ್ನಾಗಿರುತ್ತದೆ? ಹಾಗಾಗಿ ಜನ ತಾತನ ಕಾಲದ ಕೇಪಿನ ಕೋವಿ (ಮುಂದಿನಿಂದ ಮದ್ದುಗುಂಡು ತುಂಬಿ, ಹಿಂದೆ ಕೇಪು ಅನ್ನುವ ಸಣ್ಣ ಸಿಡಿಬಟ್ಟಲು ಇಟ್ಟು ಹೊಡೆಯುವುದು) ಹೊತ್ತು ನನ್ನ ಹತ್ತಿರ ಬರುತ್ತಾರೆ. ಕಾಯಿಲೆ ಏನು ಅಂತ ಹೇಳುವುದಿಲ್ಲ, ಮದ್ದೇ ಹೇಳುತ್ತಾರೆ. "ಗುಂಡು ಎಡಕ್ಕೆ ಹೋಗ್ತಿದೆ. ನಳಿಗೆ ಸ್ವಲ್ಪ ಬಲಕ್ಕೆ ಬಾಗಿಸಿ ಕೊಡಿ."

ನಳಿಗೆ, ಅಂದರೆ ಗುಂಡು ಹೊರಡುವ ಕೊಳವೆ, ಬಾಗಿಸುವುದು ಸುಳ್ಳು ವಿದ್ಯೆಯಲ್ಲ. ಅದು ಹಳೆಯ, ಗೌರವದ ಕೆಲಸ. ಯಂತ್ರಗಳು ಬಂದ ಮೇಲೂ ಇಂಗ್ಲೆಂಡ್, ಅಮೆರಿಕದ ಕೋವಿ ಕಾರ್ಖಾನೆಗಳಲ್ಲಿ ನಳಿಗೆ ನೇರ ಮಾಡುವುದಕ್ಕೆಂದೇ ನುರಿತವರು ಇರುತ್ತಿದ್ದರು. ಮೊದಲು ನಳಿಗೆಯೊಳಗೆ ತಂತಿ ಬಿಗಿದು ನೋಡುತ್ತಿದ್ದರು. ಆಮೇಲೆ ನೆರಳು ನೋಡುವ ಕ್ರಮ ಬಂತು. ನಳಿಗೆಯನ್ನು ಕಿಟಕಿಯ ಕಡೆಗೆ ಹಿಡಿದು ಒಳಗಿನ ಹೊಳಪಿನ ಮೇಲೆ ಬೀಳುವ ನೆರಳಿನ ಗೆರೆ ನೋಡುವುದು. ಗೆರೆ ಎಲ್ಲಿ ಮುರಿಯಿತೋ ಅಲ್ಲಿ ಡೊಂಕು. ನಾನು ಇವತ್ತಿಗೂ ಹಾಗೇ ನೋಡುತ್ತೇನೆ. ಬೆಳಿಗ್ಗೆಯ ಬೆಳಕು ಬೇಕು. ಮಧ್ಯಾಹ್ನ ಮೂರು ಗಂಟೆಗೆ ಬಂದು "ಈಗಲೇ ನೋಡಿ" ಅಂದರೆ ಆಗುವುದಿಲ್ಲ.

ಆದರೆ ಬರುವ ಹೆಚ್ಚಿನ ಕೋವಿಗಳಲ್ಲಿ ನಳಿಗೆಯದ್ದು ಏನೂ ತಪ್ಪಿರುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಮರ ನೀರು ಕುಡಿದು ಉಬ್ಬುತ್ತದೆ. ಕೋವಿಯ ಮರವೂ ಅಷ್ಟೇ. ಉಬ್ಬಿದ ಮರ ನಳಿಗೆಯನ್ನು ಒಂದು ಪಕ್ಕದಿಂದ ಒತ್ತುತ್ತದೆ. ಗುಂಡು ಆಚೆ ಪಕ್ಕಕ್ಕೆ ಹೋಗುತ್ತದೆ. ಮಾರ್ಚಿನಲ್ಲಿ ಅದೇ ಕೋವಿ ಸರಿ ಇರುತ್ತದೆ! ಇನ್ನು ಕೆಲವು ಚುನಾವಣೆಗೆ ಅಂತ ಠಾಣೆಯಲ್ಲಿ ಇಟ್ಟು ಬಂದ ಕೋವಿಗಳು. ರಾಶಿಯಲ್ಲಿ ಒಂದರ ಮೇಲೊಂದು ಬಿದ್ದು ಗುರಿ ಹಿಡಿಯುವ ಮುಂದಿನ ಮಣಿ ಓರೆಯಾಗಿರುತ್ತದೆ. ಮೂತಿಯ, ಅಂದರೆ ನಳಿಗೆಯ ಮುಂತುದಿಯ, ಅಂಚು ಏಟು ತಿಂದಿರುತ್ತದೆ. ಮೂತಿಯ ಅಂಚಿನಲ್ಲಿ ಒಂದು ಕಡೆ ಸಣ್ಣ ತಗ್ಗಿದ್ದರೂ ಸಾಕು, ಹೊಗೆ ಅಲ್ಲಿಂದ ಮೊದಲು ನುಗ್ಗಿ ಗುಂಡನ್ನು ಇನ್ನೊಂದು ಕಡೆಗೆ ತಳ್ಳುತ್ತದೆ. ಇದಕ್ಕೆಲ್ಲ ನಳಿಗೆಯನ್ನು ಯಾಕೆ ಬಾಗಿಸಬೇಕು?

ಕೆಲವೊಮ್ಮೆ ತಪ್ಪು ಕೋವಿಯದ್ದೇ ಆಗಿರುವುದಿಲ್ಲ. ಅದಕ್ಕೆ ಒಂದು ಹಲ್ಲಿನ ಕಥೆ ಹೇಳಿಬಿಡುತ್ತೇನೆ. ಸೈನ್ಯದಿಂದ ನಿವೃತ್ತರಾದ ಹಿರಿಯರೊಬ್ಬರು, ಒಳ್ಳೆ ಗುರಿಕಾರರು, ಒಂದು ವರ್ಷ ಬಂದು ಕೋವಿ ಬಲಕ್ಕೂ ಕೆಳಕ್ಕೂ ಹೊಡೆಯುತ್ತಿದೆ ಅಂದರು. ಅವರ ಕೋವಿಗೆ ಹಿಂದೆ ಗುರಿ ಹಿಡಿಯುವ ಕಚ್ಚು ಇಲ್ಲ, ಮೂತಿಯ ಹತ್ತಿರ ಒಂದು ಮಣಿ ಮಾತ್ರ. ಅಂಥ ಕೋವಿಯಲ್ಲಿ ಹೊಡೆಯುವವರ ಕಣ್ಣೇ ಹಿಂದಿನ ಕಚ್ಚು. ಕೋವಿ ಎತ್ತಿ ತೋರಿಸಿ ಅಂದೆ. ಎತ್ತಿದರು. ಕೆನ್ನೆ ಒಳಕ್ಕೆ ಹೋಗಿತ್ತು. ಹಲ್ಲೆಲ್ಲ ತೆಗೆಸಿದ್ದರು, ಹೊಸ ಸೆಟ್ಟು ಚುಚ್ಚುತ್ತದೆ ಅಂತ ಜೇಬಿನಲ್ಲಿಟ್ಟುಕೊಂಡಿದ್ದರು. ತುಂಬಿದ ಕೆನ್ನೆ ಇದ್ದಾಗ ಕಣ್ಣು ಎಲ್ಲಿ ನಿಲ್ಲುತ್ತಿತ್ತೋ, ಈಗ ಅದಕ್ಕಿಂತ ಬಲಕ್ಕೆ, ಕೆಳಕ್ಕೆ ನಿಂತಿತ್ತು. ಕಣ್ಣಿನಿಂದ ಮಣಿಗೆ 1.2 ಮೀಟರ್ ಇದ್ದರೆ, ಕಣ್ಣು 5 ಮಿಲಿಮೀಟರ್ ಸರಿದರೂ 30 ಮೀಟರ್ ದೂರದಲ್ಲಿ ಗುಂಡು 12 ಸೆಂಟಿಮೀಟರ್‌ಗೂ ಜಾಸ್ತಿ ಆಚೆ ಹೋಗುತ್ತದೆ. "ಹಲ್ಲು ಹಾಕಿಕೊಂಡು ಹೊಡೆಯಿರಿ" ಅಂದೆ. ಬೈದರು. ಹಬ್ಬದ ಮಾರನೇ ದಿನ ಫೋನ್ ಮಾಡಿ ಕಾಯಿ ಒಡೆದದ್ದನ್ನು ಹೇಳಿದರು. ಹಲ್ಲಿನ ವಿಷಯ ಮಾತ್ರ ಎತ್ತಲಿಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಇದನ್ನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಣಿಯನ್ನು ಸರಿಸುವುದು ಬೇರೆ, ನಳಿಗೆಯನ್ನು ಬಾಗಿಸುವುದು ಬೇರೆ. ಎರಡರ ದಿಕ್ಕೂ ಉಲ್ಟಾ. ಗುಂಡು ಎಡಕ್ಕೆ ಹೋಗುತ್ತಿದ್ದರೆ ಮುಂದಿನ ಮಣಿಯನ್ನು ಎಡಕ್ಕೇ ಸರಿಸಬೇಕು. ಮಣಿ ಎಡಕ್ಕೆ ಹೋದಾಗ, ಅದನ್ನು ಮತ್ತೆ ಗುರಿಗೆ ತರಲು ನೀವು ಕೋವಿಯನ್ನು ಬಲಕ್ಕೆ ತಿರುಗಿಸುತ್ತೀರಿ. ಗುಂಡು ಬಲಕ್ಕೆ ಬರುತ್ತದೆ. ಗುಂಡು ಮೇಲೆ ಹೋದರೆ ಮಣಿ ಎತ್ತರವಾಗಬೇಕು. ಕೆಳಗೆ ಹೋದರೆ ಮಣಿಗೆ ಅರ ಹಾಕಬೇಕು. ಗುಂಡು ಮೇಲೆ ಹೋಗುತ್ತಿದೆ ಅಂತ ಮನೆಯಲ್ಲೇ ಮಣಿಗೆ ಅರ ಹಾಕಿ, ಇನ್ನೂ ಮೇಲೆ ಹೋಯಿತು ಅಂತ ಇನ್ನಷ್ಟು ಅರ ಹಾಕಿ, ಕೊನೆಗೆ ಮಣಿಯೇ ಇಲ್ಲದ ಕೋವಿ ತರುವವರಿದ್ದಾರೆ.

ನಳಿಗೆಯ ಲೆಕ್ಕ ಹೀಗಲ್ಲ. ಗುಂಡು ಎಡಕ್ಕೆ ಹೋದರೆ ಮೂತಿಯನ್ನು ಬಲಕ್ಕೆ ಬಾಗಿಸಬೇಕು. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಮಣಿ ಕೂತಿರುವುದು ಅದೇ ನಳಿಗೆಯ ಮೇಲೆ. ಮೂತಿ ಬಲಕ್ಕೆ ಹೋದರೆ ಮಣಿಯೂ ಅದರ ಜೊತೆ ಬಲಕ್ಕೆ ಹೋಗುತ್ತದೆ. ಮಣಿ ಬಲಕ್ಕೆ ಹೋದರೆ ಗುಂಡು ಎಡಕ್ಕೆ! ಅಂದರೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಎಷ್ಟು ಕೊಟ್ಟಿತು, ಎಷ್ಟು ಕಿತ್ತುಕೊಂಡಿತು ಅನ್ನುವುದು ನಳಿಗೆಯನ್ನು ಎಲ್ಲಿ ಬಾಗಿಸಿದಿರಿ ಅನ್ನುವುದರ ಮೇಲಿದೆ.

ಲೆಕ್ಕ ಹಾಕೋಣ. ಹಿಂದಿನ ಕಚ್ಚಿಗೂ ಮುಂದಿನ ಮಣಿಗೂ 70 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಮಣಿ ಮೂತಿಯಲ್ಲೇ ಇದೆ. 30 ಮೀಟರಿನಲ್ಲಿ ಗುಂಡು 15 ಸೆಂಟಿಮೀಟರ್ ಎಡಕ್ಕೆ ಬೀಳುತ್ತಿದೆ. ಅಂದರೆ ಇನ್ನೂರಕ್ಕೆ ಒಂದರ ಓರೆ. ಮಣಿ ಸರಿಸಿ ಸರಿ ಮಾಡುವುದಾದರೆ 3.5 ಮಿಲಿಮೀಟರ್ ಎಡಕ್ಕೆ ಸರಿಸಿದರೆ ಮುಗಿಯಿತು.

ಈಗ ಬಾಗಿಸುವವರ ಕಡೆ ಬನ್ನಿ. ಹಿಂದಿನ ಕಚ್ಚಿನ ಹತ್ತಿರವೇ ನಳಿಗೆಯನ್ನು ಬಾಗಿಸಿದಿರಿ ಅನ್ನಿ. ಕಚ್ಚಿನಿಂದ ಮುಂದಿನದೆಲ್ಲ ನೇರವಾಗಿಯೇ ಇದ್ದು ಒಟ್ಟಿಗೆ ತಿರುಗಿತು. ಮಣಿಯೂ ಅಷ್ಟೇ ತಿರುಗಿತು. ಗುರಿಗೂ ಗುಂಡಿಗೂ ಇದ್ದ ಜಗಳ ಹಾಗೇ ಉಳಿಯಿತು. ಸಿಕ್ಕಿದ್ದು ಸೊನ್ನೆ. ಕೋವಿ ಮಾತ್ರ ಡೊಂಕು. ನಡುವಿನಲ್ಲಿ ಬಾಗಿಸಿದರೆ, ಬಾಗಿಸಿದ್ದರಲ್ಲಿ ಅರ್ಧ ಮಾತ್ರ ದಕ್ಕುತ್ತದೆ. ಹಾಗಾಗಿ ನೂರಕ್ಕೆ ಒಂದರಷ್ಟು ಬಾಗಿಸಬೇಕು, ಮೂತಿ 3.5 ಮಿಲಿಮೀಟರ್ ಸರಿಯಬೇಕು. ಮೂತಿಯಿಂದ 17.5 ಸೆಂಟಿಮೀಟರ್ ಹಿಂದೆ, ಅಂದರೆ ಕಾಲು ಭಾಗದಲ್ಲಿ ಬಾಗಿಸಿದರೆ ಮುಕ್ಕಾಲು ದಕ್ಕುತ್ತದೆ. ಆಗ ಮೂತಿ ಸುಮಾರು 1.2 ಮಿಲಿಮೀಟರ್ ಸರಿದರೆ ಸಾಕು. ಕಣ್ಣಿಗೆ ಕಾಣದಷ್ಟು. ಗಿರಾಕಿ ಕೋವಿ ತಿರುಗಿಸಿ ನೋಡಿ "ಏನೂ ಮಾಡೇ ಇಲ್ವಲ್ಲ" ಅನ್ನುತ್ತಾರೆ. ಕಾಣುವಷ್ಟು ಬಾಗಿಸಿದ್ದರೆ ಕೆಲಸ ಕೆಟ್ಟಿದೆ ಅಂತಲೇ ಅರ್ಥ. ನಿಜವಾದ ನಳಿಗೆ ಒಂದೇ ಜಾಗದಲ್ಲಿ ಮುರಿದ ಹಾಗೆ ಬಾಗುವುದಿಲ್ಲ, ಸ್ವಲ್ಪ ಉದ್ದಕ್ಕೆ ಹರಡಿಕೊಂಡು ಬಾಗುತ್ತದೆ. ಹಾಗಾಗಿ ಈ ಅಂಕಿಗಳು ಅಂದಾಜಿಗೆ. ಮೂತಿಯ ಹತ್ತಿರ ಬಾಗಿಸಿದಷ್ಟೂ ಜಾಸ್ತಿ ಫಲ ಅನ್ನುವುದು ಮಾತ್ರ ಬದಲಾಗುವುದಿಲ್ಲ.

ನಂಬಿಕೆ ಬರಲಿಲ್ಲವಾ? ಅಂಗಡಿಯಲ್ಲಿ ಒಂದು ಪ್ಲಾಸ್ಟಿಕ್ ಪೈಪು ಇಟ್ಟಿದ್ದೇನೆ, ತುದಿಗೆ ಬೆಂಕಿಕಡ್ಡಿ ಅಂಟಿಸಿದೆ, ಹಿಂದೆ ಒಂದು ಗೀರಿದೆ. ಗೀರಿನ ಹತ್ತಿರ ಬಾಗಿಸಿ, ಕಡ್ಡಿಯನ್ನು ಗೋಡೆಯ ಗುರುತಿಗೆ ಹಿಡಿಯಿರಿ ಅನ್ನುತ್ತೇನೆ. ಪೈಪಿನ ತೂತು ಮೊದಲು ನೋಡಿದ ಕಡೆಗೇ ನೋಡುತ್ತಿರುತ್ತದೆ. ವಾದ ಮಾಡುವವರು ಅಲ್ಲಿಗೆ ಸುಮ್ಮನಾಗುತ್ತಾರೆ. ಎಲ್ಲರೂ ಅಲ್ಲ.

ಮನೆಯಲ್ಲಿ ಬಾಗಿಸುವವರು ಎಲ್ಲಿ ಬಾಗಿಸುತ್ತಾರೆ ಗೊತ್ತಾ? ಸಿಲ್ವರ್ ಓಕ್ ಮರದ ಕವಲಿಗೋ ಗೇಟಿನ ಸರಳಿಗೋ ನಳಿಗೆ ಸಿಕ್ಕಿಸಿ, ಮರದ ಹಿಡಿ ಹಿಡಿದು ಎಳೆಯುತ್ತಾರೆ. ನಳಿಗೆ ಎಲ್ಲಿ ಬಾಗಬಾರದೋ ಅಲ್ಲೇ ಬಾಗುತ್ತದೆ. ಫಲ ಸಿಗುವುದಿಲ್ಲ. ಇನ್ನೂ ಎಳೆಯುತ್ತಾರೆ. ಕೊನೆಗೆ ನಳಿಗೆ ಒಂದು ಕಡೆ ನಜ್ಜಾಗಿ ಒಳಗಿನ ತೂತು ಮೊಟ್ಟೆಯಾಕಾರ ಆಗುತ್ತದೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ನಿಮ್ಮ ಕೋವಿ ಗೋಡೆಗೆ ಒಳ್ಳೆಯದು. ಕಾನೂನಿನ ಮಾತೂ ಇದೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿಯ ಪರಂಪರೆಯಲ್ಲಿ ಕೊಡವರು ಮತ್ತು ಜಮ್ಮಾ (ವಂಶಪಾರಂಪರ್ಯ) ಜಮೀನಿನ ಹಿಡುವಳಿದಾರರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು. ಈಗಿನ ಆದೇಶ 2029ರವರೆಗೆ ಇದೆ. ಆದರೆ ಅದು ಇಟ್ಟುಕೊಳ್ಳುವುದಕ್ಕೆ. ರಿಪೇರಿ ಮಾಡುವುದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೇರೆಯೇ ಲೈಸೆನ್ಸ್ ಬೇಕು.

ಇನ್ನೊಂದು ಮಾತು, ಇದನ್ನು ತಮಾಷೆಯಾಗಿ ತೆಗೆದುಕೊಳ್ಳಬೇಡಿ. ಕೋವಿಗೆ ಕೈ ಹಾಕುವ ಮೊದಲು ಗಜ (ಮದ್ದು ಜಡಿಯುವ ಕೋಲು) ನಳಿಗೆಯೊಳಗೆ ಇಳಿಸಿ ನೋಡಿ. ಒಳಗೆ ಎಷ್ಟು ಇಳಿಯಿತು ಅಂತ ಬೆರಳಿಟ್ಟು ಹಿಡಿದು, ಹೊರಗೆ ನಳಿಗೆಯ ಪಕ್ಕಕ್ಕಿಟ್ಟು ಅಳೆಯಿರಿ. ಕೇಪು ಕೂರುವ ಜಾಗದವರೆಗೆ ಬರದಿದ್ದರೆ ಒಳಗೆ ಈಡು, ಅಂದರೆ ತುಂಬಿದ ಮದ್ದುಗುಂಡು, ಇದೆ. "ಖಾಲಿ ಇದೆ" ಅಂತ ಕೊಟ್ಟ ಕೋವಿಯಲ್ಲಿ ಹಿಂದಿನ ಪುತ್ತರಿ ಹಬ್ಬದಲ್ಲಿ ತುಂಬಿದ ಮದ್ದು ಹಾಗೇ ಕೂತಿದ್ದನ್ನು ನೋಡಿದ್ದೇನೆ. ತಂದವರು ಅದನ್ನು ಬಸ್ಸಿನಲ್ಲಿ ತಂದಿದ್ದರು!

ಹಾಗಾದರೆ ನಾನು ಯಾವಾಗ ಬಾಗಿಸುತ್ತೇನೆ? ಮರ, ಮೂತಿ, ಮಣಿ, ಕಣ್ಣು ಎಲ್ಲ ಸರಿ ಇದ್ದು, ನೆರಳಿನ ಗೆರೆ ಮುರಿದಿದ್ದರೆ. ಅಥವಾ ಮಣಿಯನ್ನು ಬೆಸೆದು ಕೂರಿಸಿದ್ದು, ಅದನ್ನು ಸರಿಸಲು ಜಾಗವೇ ಇಲ್ಲದಿದ್ದರೆ. ಸೈನ್ಯದ ಲೀ ಎನ್‌ಫೀಲ್ಡ್ ರೈಫಲ್ ಕಂಡವರಿಗೆ ಗೊತ್ತು, ಅದರ ಮುಂದಿನ ಮಣಿ ಬೇರೆ ಬೇರೆ ಎತ್ತರದಲ್ಲಿ ಬರುತ್ತಿತ್ತು, ಪಕ್ಕಕ್ಕೆ ಸರಿಸಲು ಬೇರೆ ಉಪಕರಣ ಇತ್ತು. ಅಲ್ಲಿ ಯಾರೂ ನಳಿಗೆ ಮುಟ್ಟಬೇಕಿರಲಿಲ್ಲ. ಬಿಹಾರದ ಮುಂಗೇರ್, ಜಮ್ಮುವಿನಿಂದ ಬರುವ ನಮ್ಮ ಸಾದಾ ಕೋವಿಗಳಿಗೆ ಅಷ್ಟು ಸೌಕರ್ಯ ಇಲ್ಲ.

ಬಾಗಿಸುವಾಗ ನಳಿಗೆಯನ್ನು ಮರದಿಂದ ಬಿಚ್ಚಿರಬೇಕು. ಎರಡು ಆಸರೆ, ನಡುವೆ ಒತ್ತುವ ಸ್ಕ್ರೂ, ಮೂರೂ ಕಡೆ ಚರ್ಮ ಅಥವಾ ಸೀಸದ ಮೆತ್ತೆ. ತಣ್ಣಗಿದ್ದಾಗಲೇ ಒತ್ತಬೇಕು. ಬೆಂಕಿಗೆ ಹಿಡಿದರೆ ಒಳಗೆ ಹೊಟ್ಟು ಏಳುತ್ತದೆ, ಬೆಸುಗೆ ಬಿಡುತ್ತದೆ. ಉಕ್ಕು ಒತ್ತಿದಷ್ಟು ಬಾಗಿ ಮತ್ತೆ ತನ್ನ ಜಾಗಕ್ಕೇ ವಾಪಸ್ ಬರುತ್ತದೆ. ಸ್ವಲ್ಪ ಜಾಸ್ತಿ ಒತ್ತಬೇಕು, ಬಿಡಬೇಕು, ಅಳೆಯಬೇಕು, ಮತ್ತೆ ಸ್ವಲ್ಪ. ಇದರಲ್ಲಿ ಒಂದು ಬೆಳಗು ಕಳೆಯುತ್ತದೆ. ಆಮೇಲೂ "ಸರಿಯಾಯ್ತು" ಅಂತ ನಾನು ಬರೆದು ಕೊಡುವುದಿಲ್ಲ. ಹೊಡೆದು ನೋಡಿದ ಮೇಲಷ್ಟೇ ಹೇಳಬಲ್ಲೆ.

ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ತಿರುಚಿ ಬೆಸೆದ ಹಳೆಯ ಡಮಾಸ್ಕಸ್ ನಳಿಗೆಯನ್ನು ನಾನು ಬಾಗಿಸುವುದಿಲ್ಲ, ಎಷ್ಟು ಕೇಳಿಕೊಂಡರೂ ಇಲ್ಲ. ಯಾವ ಬೆಸುಗೆಯಲ್ಲಿ ತುಕ್ಕು ಕೂತಿದೆಯೋ ಹೊರಗಿನಿಂದ ತಿಳಿಯುವುದಿಲ್ಲ. ತುಂಬ ತೆಳುವಾಗಿ ಸವೆದ ನಳಿಗೆಯನ್ನೂ ಮುಟ್ಟುವುದಿಲ್ಲ.

ಬರುವವರು ಒಂದು ಗುಂಡಿನ ಕಥೆ ಹೇಳಬೇಡಿ. ಒಳಗೆ ಸುರುಳಿ ಕಚ್ಚಿಲ್ಲದ ನುಣುಪು ನಳಿಗೆಯಲ್ಲಿ ಒಂಟಿ ಗುಂಡು ತಾನಾಗಿಯೇ ಅಷ್ಟಿಷ್ಟು ಚದುರುತ್ತದೆ. ಅನುಮತಿ ಇರುವ ಜಾಗದಲ್ಲಿ, ಹಿಂದೆ ಮಣ್ಣಿನ ದಿಬ್ಬ ಇಟ್ಟು, ಕೋವಿಯನ್ನು ಮರಳಿನ ಚೀಲದ ಮೇಲೆ ಒರಗಿಸಿ, ಪ್ರತಿ ಸಲವೂ ಒಂದೇ ಅಳತೆಯ ಮದ್ದು ಹಾಕಿ, ನಡುನಡುವೆ ನಳಿಗೆ ಒರೆಸಿ, ಹತ್ತು ಗುಂಡು ಹೊಡೆಯಿರಿ. ತೂತಾದ ಆ ಕಾಗದ ತನ್ನಿ. ಯಾವ ಮದ್ದು, ಎಷ್ಟು ಅಳತೆ, ಯಾವ ಗುಂಡು ಅಂತ ಅದರ ಮೇಲೇ ಬರೆದಿರಿ, ಯಾಕೆಂದರೆ ಮದ್ದು ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಕೋವಿಯ ದಾಖಲೆ ಜೊತೆಗಿರಲಿ. ಕನ್ನಡಕ ಬದಲಾಗಿದ್ದರೆ ಹೇಳಿ. ಆಗಸ್ಟ್ ಕೊನೆಯ ವಾರ ಮಾತ್ರ ಬರಬೇಡಿ. ಮರ ಒಣಗಿರುವ ಫೆಬ್ರವರಿಯಲ್ಲಿ ಬಂದರೆ ನಿಮಗೂ ಅನುಕೂಲ, ನನಗೂ ಕಾಫಿ ಕುಡಿಸಲು ಪುರುಸೊತ್ತಿರುತ್ತದೆ.