ಎಷ್ಟು ಕೂಗಿಸಿದರೂ ತೊಗರಿಬೇಳೆ ಬೇಯಲ್ಲ, ಯಾಕೆ?

ಓದುಗರ ಪ್ರಶ್ನೆ: "ತೊವ್ವೆ ಮಾಡಿದಾಗಲೆಲ್ಲ ಬೇಳೆ ಒಂದು ಕಡೆ, ನೀರು ಒಂದು ಕಡೆ. ಆರು ವಿಸಿಲ್ ಕೂಗಿಸಿದರೂ ಬೇಳೆ ಬಿಡಿಬಿಡಿಯಾಗಿಯೇ ಉಳಿಯುತ್ತದೆ. ಗ್ಯಾಸ್ಕೆಟ್ ಬದಲಾಯಿಸಿದೆ, ಬೇರೆ ಅಂಗಡಿಯಿಂದ ಬೇಳೆ ತಂದೆ. ಏನೂ ಪ್ರಯೋಜನ ಆಗಲಿಲ್ಲ. ನಾನು ಏನು ತಪ್ಪು ಮಾಡುತ್ತಿದ್ದೇನೆ?"

ನಿಮ್ಮ ಕೈಯಲ್ಲಿ ತಪ್ಪಿಲ್ಲ. ಕುಕ್ಕರೂ ಸರಿಯಾಗಿಯೇ ಇರಬಹುದು. ಮೊದಲು ನೀರು ನೋಡಿ.

ನಾವು ಬೆಂಗಳೂರಿನ ಅಂಚಿನಲ್ಲಿ ಬಾಡಿಗೆ ಮನೆಗೆ ಬಂದ ಹೊಸದರಲ್ಲಿ ನನಗೂ ಇದೇ ಆಯಿತು. ಹಳೇ ಮನೆಯಲ್ಲಿ ಕಾವೇರಿ ನೀರು ಬರುತ್ತಿತ್ತು, ಇಲ್ಲಿ ಬೋರ್‌ವೆಲ್. ಅದೇ ಕುಕ್ಕರ್, ಅದೇ ಡಬ್ಬದ ಬೇಳೆ, ಅದೇ ಅಳತೆ. ಯುಗಾದಿಗೆ ನಾದಿನಿ ಮನೆಯವರೆಲ್ಲ ಬಂದಿದ್ದರು. ಎಲೆಗೆ ತೊವ್ವೆ ಬಡಿಸಿದರೆ ತಿಳಿನೀರು ಅನ್ನದಿಂದ ಹರಿದು ಎಲೆಯ ಅಂಚಿಗೆ ಹೋಯಿತು. ಬೇಳೆ ಮಾತ್ರ ಅನ್ನದ ಮೇಲೆ ಕೂತಿತ್ತು. ಯಾರೂ ಏನೂ ಅನ್ನಲಿಲ್ಲ. ಆದರೂ ನನಗೆ ಆ ದಿನ ಊಟ ಸೇರಲಿಲ್ಲ.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ಬೇಳೆ ಬಗ್ಗೆ ಕೇಳಿದರೆ ಅಮ್ಮ ಸೋಪಿನ ಬಗ್ಗೆ ಕೇಳಿದರು.

"ಕೈ ತೊಳೆದಾಗ ಸೋಪು ನೊರೆ ಬರುತ್ತೇನೇ?"

"ಇಲ್ಲಮ್ಮ. ನೊರೆಯೇ ಇಲ್ಲ, ಕೈಯೆಲ್ಲ ಅಂಟಂಟು."

"ಹಾಗಾದ್ರೆ ಕುಕ್ಕರ್‌ನ ಬಯ್ಯಬೇಡ ಕಣೇ. ಅದು ಉಪ್ಪುನೀರು. ಅದರಲ್ಲಿ ಬೇಳೆ ಬೇಯಲ್ಲ."

ಮಾರನೇ ದಿನವೇ ಪರೀಕ್ಷೆ ಮಾಡಿದೆ. ನೀವೂ ಮಾಡಿ ನೋಡಿ, ಅರ್ಧ ಗಂಟೆ ಸಾಕು. ಎರಡು ಚಿಕ್ಕ ಸ್ಟೀಲ್ ಬಟ್ಟಲು ತೆಗೆದುಕೊಂಡೆ. ಎರಡಕ್ಕೂ ಒಂದೇ ಡಬ್ಬದಿಂದ ಒಂದೊಂದು ಹಿಡಿ ಬೇಳೆ, ಒಂದೊಂದು ಲೋಟ ನೀರು. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಕುಡಿಯುವ ಕ್ಯಾನ್ ನೀರು. ಎರಡನ್ನೂ ಒಂದೇ ಕುಕ್ಕರಿನಲ್ಲಿ ಅಕ್ಕಪಕ್ಕ ಇಟ್ಟು, ಮೊದಲ ವಿಸಿಲ್ ಬಂದ ಮೇಲೆ ಉರಿ ಸಣ್ಣ ಮಾಡಿ ಹತ್ತು ನಿಮಿಷ ಬಿಟ್ಟೆ.

ಮುಚ್ಚಳ ತೆಗೆದಾಗ ಕ್ಯಾನ್ ನೀರಿನ ಬಟ್ಟಲಲ್ಲಿ ಬೇಳೆ ಅರಳಿ, ಅಂಚು ಒಡೆದು, ನೀರೇ ಹಳದಿ ಗಂಜಿಯಂತೆ ಆಗಿತ್ತು. ಚಮಚ ಮುಟ್ಟಿಸಿದರೆ ಸಾಕು, ಕರಗಿತು. ನಲ್ಲಿ ನೀರಿನ ಬಟ್ಟಲಲ್ಲಿ ಒಂದೊಂದು ಬೇಳೆಯೂ ದುಂಡಗೆ, ಅಂಚು ಹಾಗೇ ಇತ್ತು. ಮೇಲೆ ತೆಳ್ಳನೆ ನೀರು. ಒಂದು ಬೇಳೆ ತೆಗೆದು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಸುಕಿದೆ. ಹೊರಗೆ ಮೆತ್ತಗಿತ್ತು, ನಡುವೆ ಮಾತ್ರ ಒಂದು ಬಿಳಿ ಚುಕ್ಕೆ ಗಟ್ಟಿಯಾಗಿ ಉಳಿದಿತ್ತು. ಒಂದೇ ಬೆಂಕಿ, ಒಂದೇ ಹೊತ್ತು, ಒಂದೇ ಬೇಳೆ. ಬೇರೆ ಇದ್ದದ್ದು ನೀರು ಮಾತ್ರ. "ನಿನ್ನ ಬೇಳೆ ಇಲ್ಲಿ ಬೇಯಲ್ಲ" ಅಂತ ಬೇರೆ ಅರ್ಥದಲ್ಲಿ ಎಷ್ಟು ಸಲ ಹೇಳಿದ್ದೇವೆ, ಕೇಳಿದ್ದೇವೆ. ನೀರು ಬದಲಾದ ಊರಿಗೆ ಹೋಗಿ ಅಡುಗೆ ಮಾಡಿದವರಿಗೆ ಅದು ಅಕ್ಷರಶಃ ನಿಜ.

ಯಾಕೆ ಹೀಗಾಗುತ್ತದೆ? ಬೇಳೆಯೊಳಗಿನ ಸಣ್ಣ ಸಣ್ಣ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಪದಾರ್ಥ. ಹಣ್ಣಿನ ಜಾಮ್ ಗಟ್ಟಿಯಾಗುವುದೂ ಇದರಿಂದಲೇ. ಬಿಸಿನೀರಿನಲ್ಲಿ ಈ ಪೆಕ್ಟಿನ್ ಕರಗಿದಾಗ ಕೋಶಗಳು ಬಿಡಿಯಾಗಿ ಬೇಳೆ ನುಣ್ಣಗಾಗುತ್ತದೆ. ಅಮ್ಮ ಉಪ್ಪುನೀರು ಅಂದದ್ದು ಗಡಸು ನೀರನ್ನು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಅವು ಪೆಕ್ಟಿನ್‌ಗೆ ಕಟ್ಟು ಹಾಕಿದ ಹಾಗೆ ಬಿಗಿದುಬಿಡುತ್ತವೆ. ಆಮೇಲೆ ಎಷ್ಟು ಬೇಯಿಸಿದರೂ ಬೇಳೆ ಬೇಗ ಬಿಡಿಸಿಕೊಳ್ಳುವುದಿಲ್ಲ. ಕುಡಿಯುವ ನೀರಿಗೆ ನಮ್ಮ ದೇಶದಲ್ಲಿ ಇರುವ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದ ಪ್ರಕಾರ ಒಂದು ಲೀಟರಿನಲ್ಲಿ ಗಡಸುತನ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದೇ ಇದ್ದರೆ 600ರವರೆಗೂ ಒಪ್ಪಿಗೆ ಇದೆ. ಅಂದರೆ ಕುಡಿಯಲು ತೊಂದರೆ ಇಲ್ಲದ ನೀರೇ ಬೇಳೆಗೆ ಆಗದೇ ಇರಬಹುದು. ಲಂಡನ್‌ನಲ್ಲಿರುವ ನಮ್ಮವರಿಗೂ ಇದೇ ಪಾಡು. ಅಲ್ಲಿಯ ನೀರು ಸುಣ್ಣಕಲ್ಲಿನ ನೆಲದ್ದು, ಕೆಟಲ್ ಒಳಗೆ ಬಿಳಿ ಪದರ ಕಟ್ಟುವಷ್ಟು ಗಡಸು.

ನಿಮ್ಮ ಮನೆಯ ಪಾತ್ರೆಯ ತಳದಲ್ಲಿ, ಗೀಸರ್‌ನಲ್ಲಿ ಬಿಳಿ ಪದರ ಕೂರುತ್ತದೆ ಅಂದರೆ ಉತ್ತರ ಸಿಕ್ಕಿತು ಅಂತಲೇ ಲೆಕ್ಕ. ಬೇಳೆಯನ್ನು ನಲ್ಲಿ ನೀರಿನಲ್ಲಿ ತೊಳೆಯಿರಿ, ಪರವಾಗಿಲ್ಲ. ನೆನೆಸಲು, ಬೇಯಿಸಲು ಮಾತ್ರ ಸಿಹಿನೀರು, ಅಂದರೆ ಗಡಸಲ್ಲದ ಕ್ಯಾನ್ ನೀರೋ ಫಿಲ್ಟರ್ ನೀರೋ ಬಳಸಿ. ಫಿಲ್ಟರ್ ಎಂದರೆ ಆರ್‌ಓ ಇರಬೇಕು. ಬರೀ ಕಸ ಸೋಸುವ ಫಿಲ್ಟರ್ ಗಡಸುತನ ತೆಗೆಯುವುದಿಲ್ಲ. ಆರ್‌ಓ ಇಲ್ಲವಾ? ನಲ್ಲಿ ನೀರನ್ನೇ ಚೆನ್ನಾಗಿ ಕುದಿಸಿ ಆರಲು ಬಿಡಿ. ತಳದಲ್ಲಿ ಕೂತ ಬಿಳಿ ಪುಡಿ ಕದಡದಂತೆ ಮೇಲಿನ ನೀರನ್ನು ಬಗ್ಗಿಸಿಕೊಳ್ಳಿ. ಗಡಸುತನ ಪೂರ್ತಿ ಹೋಗುವುದಿಲ್ಲ, ಒಂದು ಪಾಲು ಇಳಿಯುತ್ತದೆ. ಅರ್ಧ ಲೋಟ ಬೇಳೆಗೆ ಬೇಕಾಗುವುದು ಒಂದು ಲೀಟರಿಗಿಂತ ಕಡಿಮೆ ನೀರು. ಅಷ್ಟಕ್ಕೆ ಜಿಪುಣತನ ಬೇಡ.

ಸಿಹಿನೀರಿನಲ್ಲೂ ಬೇಯದಿದ್ದರೆ ಆಗ ಬೇಳೆಯನ್ನು ಅನುಮಾನಿಸಿ. ಹಳೇ ಬೇಳೆ ನಿಧಾನ. ಸೆಕೆ, ತೇವ ಇರುವ ಜಾಗದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಬೇಳೆಯ ಒಳಗೇ ಇರುವ ಫೈಟೇಟ್ ಎಂಬ ಅಂಶ ಒಡೆಯುತ್ತದೆ. ಅದು ಹಿಡಿದಿಟ್ಟುಕೊಂಡಿದ್ದ ಮೆಗ್ನೀಸಿಯಂ, ಕ್ಯಾಲ್ಸಿಯಂ ಹೊರಬಿದ್ದು ಪೆಕ್ಟಿನ್‌ಗೆ ಅಂಟಿಕೊಳ್ಳುತ್ತವೆ. ಗಡಸು ನೀರು ಹೊರಗಿನಿಂದ ಮಾಡುವ ಕೆಲಸವನ್ನೇ ಇದು ಒಳಗಿನಿಂದ ಮಾಡುತ್ತದೆ. ಪ್ಯಾಕೆಟ್ ಮೇಲಿನ ದಿನಾಂಕ ಪ್ಯಾಕ್ ಮಾಡಿದ ದಿನದ್ದು, ಬೆಳೆ ಕೊಯ್ದ ದಿನದ್ದಲ್ಲ ಅನ್ನುವುದು ನೆನಪಿರಲಿ. ನಮ್ಮಲ್ಲಿ ತೊಗರಿ ಮುಂಗಾರಿಗೆ ಬಿತ್ತನೆಯಾಗಿ ಡಿಸೆಂಬರ್, ಜನವರಿ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಹಾಗಾಗಿ ಬೇಸಿಗೆ ಶುರುವಾಗುವ ಹೊತ್ತಿಗೆ ಹೊಸ ಬೇಳೆ ಅಂಗಡಿಗೆ ಬಂದಿರುತ್ತದೆ. ನಾನು ವರ್ಷದ ಬೇಳೆ ಒಟ್ಟಿಗೆ ತರುವುದನ್ನು ಬಿಟ್ಟಿದ್ದೇನೆ, ಎರಡು ತಿಂಗಳಿಗೆ ಆಗುವಷ್ಟು ಸಾಕು. ಆಗುವುದಾದರೆ ಕಲಬುರಗಿ ಬೇಳೆ ಕೇಳಿ ತನ್ನಿ. ತೊಗರಿಯ ಕಣಜ ಅಂತ ಹೆಸರಾದ ಜಿಲ್ಲೆ ಅದು. ಅಲ್ಲಿಯ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ಆ ಬೇಳೆಗೆ ಒಂದು ಘಮ ಇದೆ. ಬೇಯುವಾಗಲೇ ಗೊತ್ತಾಗುತ್ತದೆ.

ಮೂರನೆಯದು ಹುಳಿ. ಕೆಲಸ ಬೇಗ ಮುಗಿಯಲಿ ಅಂತ ಬೇಳೆ ಜೊತೆಗೇ ಟೊಮ್ಯಾಟೊ ಹೆಚ್ಚಿ ಕುಕ್ಕರಿಗೆ ಹಾಕುತ್ತೇವೆ, ಅಲ್ವಾ? ಹೊಸ ಬೇಳೆ, ಸಿಹಿನೀರು ಇದ್ದರೆ ಅದು ನಡೆಯುತ್ತದೆ. ಆದರೆ ಹುಳಿ ಇದ್ದರೆ ಪೆಕ್ಟಿನ್ ಕರಗುವುದು ನಿಧಾನ. ಗಡಸು ನೀರು, ಹಳೇ ಬೇಳೆ, ಮೇಲೆ ಹುಳಿಯೂ ಸೇರಿದರೆ ಆರಲ್ಲ, ಹನ್ನೆರಡು ವಿಸಿಲ್ ಆದರೂ ಅಷ್ಟೇ. ಟೊಮ್ಯಾಟೊ, ಹುಣಸೆಹುಳಿ, ನಿಂಬೆರಸ ಏನೇ ಇದ್ದರೂ ಬೇಳೆ ಬೆಂದ ಮೇಲೆ ಹಾಕಿ.

ಉಪ್ಪಿನ ಮೇಲೆ ಮಾತ್ರ ಸುಮ್ನೆ ಅಪವಾದ. ಉಪ್ಪು ಮೊದಲೇ ಹಾಕಿದರೆ ಬೇಳೆ ಬೇಯಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅಡುಗೆ ಉಪ್ಪಿನಲ್ಲಿರುವ ಸೋಡಿಯಂ ಬೇಳೆ ಮೆತ್ತಗಾಗಲು ಸಹಾಯವನ್ನೇ ಮಾಡುತ್ತದೆ. ಆದರೂ ನಾನು ಕೊನೆಗೇ ಹಾಕುವುದು. ತೊವ್ವೆಗೆ ಎಷ್ಟು ನೀರು ಬೆರೆಸಿದೆ ಅಂತ ನೋಡಿಕೊಂಡು ಹಾಕಿದರೆ ಅಳತೆ ತಪ್ಪುವುದಿಲ್ಲ.

ಇನ್ನು ವಿಸಿಲ್ ವಿಷಯ. ವಿಸಿಲ್ ಅನ್ನುವುದು ಹೆಚ್ಚಾದ ಉಗಿ ಹೊರಗೆ ಹೋಗುವ ಸದ್ದು, ಅಷ್ಟೇ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರಿನೊಳಗೆ ಒತ್ತಡ ಇರುವುದರಿಂದ ಶಾಖ 120 ಡಿಗ್ರಿ ಹತ್ತಿರ ಹೋಗುತ್ತದೆ. ಬೇಳೆಗೆ ಬೇಕಿರುವುದು ಆ ಶಾಖದಲ್ಲಿ ಕಳೆಯುವ ಹೊತ್ತು. ದೊಡ್ಡ ಉರಿಯಲ್ಲಿ ಆರು ವಿಸಿಲ್ ನಾಲ್ಕೈದು ನಿಮಿಷದಲ್ಲಿ ಮುಗಿದುಹೋಗಬಹುದು. ಸಣ್ಣ ಉರಿಯಲ್ಲಿ ಹತ್ತು ನಿಮಿಷಕ್ಕೆ ಎರಡೇ ವಿಸಿಲ್ ಬರಬಹುದು. ಎರಡು ವಿಸಿಲ್‌ನ ಬೇಳೆಯೇ ಚೆನ್ನಾಗಿ ಬೆಂದಿರುತ್ತದೆ. ಆದ್ದರಿಂದ ವಿಸಿಲ್ ಎಣಿಸುವುದು ಬಿಟ್ಟು ಗಡಿಯಾರ ನೋಡಿ.

ಈಗ ತೊವ್ವೆ. ನನ್ನ ಪ್ರಕಾರ ಮನೆಯ ಅಡುಗೆಯಲ್ಲಿ ಇಷ್ಟು ಸರಳವಾದದ್ದು ಇನ್ನೊಂದಿಲ್ಲ. ಹುಳಿ, ಸಾರಿನಲ್ಲಿ ಪುಡಿ ಇದೆ, ಹುಣಸೆ ಇದೆ, ಬೇಳೆ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತದೆ. ತೊವ್ವೆಯಲ್ಲಿ ಇರುವುದೇ ಬೇಳೆ. ಎಲೆಯಲ್ಲಿ ಅನ್ನದ ಮೇಲೆ ಮೊದಲು ಬೀಳುವುದೂ ಅದೇ, ಜೊತೆಗೆ ಒಂದು ಚಮಚ ತುಪ್ಪ.

ಮೂರು ಜನರಿಗೆ ಅರ್ಧ ಲೋಟ, ಅಂದರೆ ಸುಮಾರು 100 ಗ್ರಾಂ ತೊಗರಿಬೇಳೆ ಸಾಕು. ನೀರು ತಿಳಿಯಾಗುವ ತನಕ ತೊಳೆದು, ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಬೇಳೆಯ ಮೂರರಷ್ಟು ನೀರು, ಕಾಲು ಚಮಚ ಅರಿಶಿನ, ಒಂದು ಚಮಚ ಎಣ್ಣೆ ಹಾಕಿ ಕುಕ್ಕರಿಗೆ ಇಡಿ. ನಮ್ಮಜ್ಜಿ ಎರಡು ಹನಿ ಹರಳೆಣ್ಣೆ ಬಿಡುತ್ತಿದ್ದರು. ಎಣ್ಣೆ ಬೇಳೆಯ ನೊರೆ ಉಕ್ಕದಂತೆ ತಡೆಯುತ್ತದೆ. ನೊರೆ ಉಕ್ಕಿ ಕುಕ್ಕರಿನ ಉಗಿ ಹೋಗುವ ತೂತು ಕಟ್ಟಿಕೊಂಡರೆ ಅಪಾಯ, ಅದಕ್ಕೇ ಬೇಳೆ ಬೇಯಿಸುವಾಗ ಕುಕ್ಕರನ್ನು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಮೊದಲ ವಿಸಿಲ್ ಬರುವ ತನಕ ಉರಿ ದೊಡ್ಡದಿರಲಿ. ಆಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಒಲೆ ಆರಿಸಿ, ಒತ್ತಡ ತಾನಾಗಿ ಇಳಿಯಲಿ. ಆ ಹೊತ್ತಿನಲ್ಲೂ ಬೇಳೆ ಬೇಯುತ್ತಲೇ ಇರುತ್ತದೆ, ವೆಯ್ಟ್ ಎತ್ತಿ ಉಗಿ ಬಿಡುವ ಆತುರ ಬೇಡ.

ಬೆಂದ ಬೇಳೆಯನ್ನು ಬಿಸಿ ಇದ್ದಾಗಲೇ ಸೌಟಿನ ಹಿಂಬದಿಯಿಂದ ಮಸೆಯಿರಿ. ಕಡಗೋಲು ಇದ್ದರೆ ನಾಲ್ಕು ಸುತ್ತು ಕಡೆಯಿರಿ. ತೆಳ್ಳಗೆ ಮಾಡಲು ಬಿಸಿನೀರನ್ನೇ ಸುರಿಯಿರಿ. ಸೀಳಿದ ಮೂರು ಹಸಿಮೆಣಸಿನಕಾಯಿ, ಒಂದು ಇಂಚು ಶುಂಠಿ ಜಜ್ಜಿ ಹಾಕಿ, ಉಪ್ಪು ಹಾಕಿ ಐದು ನಿಮಿಷ ಕುದಿಸಿ. ಹೀರೇಕಾಯಿ ತೊವ್ವೆ ಬೇಕಿದ್ದರೆ ಹೋಳುಗಳನ್ನು ಬೇರೆ ಬೇಯಿಸಿಕೊಂಡು ಈಗ ಸೇರಿಸಿ. ಚಿಕ್ಕ ಬಾಣಲೆಯಲ್ಲಿ ಎರಡು ಚಮಚ ತುಪ್ಪ ಕಾಯಿಸಿ ಸಾಸಿವೆ ಸಿಡಿದ ಮೇಲೆ ಜೀರಿಗೆ, ಮುರಿದ ಬ್ಯಾಡಗಿ ಮೆಣಸಿನಕಾಯಿ, ಕರಿಬೇವು, ಚಿಟಿಕೆ ಇಂಗು. ಇಂಗಿನ ಘಮ ಎದ್ದ ಕೂಡಲೇ ಚುರ್ ಅಂತ ತೊವ್ವೆಗೆ ಸುರಿದು ಮುಚ್ಚಿಡಿ. ನಿಂಬೆರಸ ಒಲೆಯಿಂದ ಇಳಿಸಿದ ಮೇಲೆ. ಕುದಿಯುವಾಗ ಹಿಂಡಿದರೆ ಕಹಿಯಾಗುತ್ತದೆ.

ಎಲ್ಲ ಅಡುಗೆಗೂ ಬೇಳೆ ಇಷ್ಟು ಕರಗಬಾರದು ಅನ್ನುವುದನ್ನೂ ಹೇಳಬೇಕು. ಹೋಳಿಗೆಗೆ ಬೇಳೆ ಬೇಯಿಸುವಾಗ ಹಿಸುಕಿದರೆ ಪುಡಿಯಾಗಬೇಕು, ಆದರೆ ನೀರಿನಲ್ಲಿ ಕದಡಿಹೋಗಬಾರದು. ಕಟ್ಟು ಬಸಿದು ಹೋಳಿಗೆ ಸಾರು ಮಾಡಬೇಕಲ್ಲ. ಅದಕ್ಕೆ ತೆರೆದ ಪಾತ್ರೆಯೇ ಸರಿ, ಆಗಾಗ ಒಂದೊಂದು ಬೇಳೆ ತೆಗೆದು ಹಿಸುಕಿ ನೋಡಬಹುದು.

ನೀರಿಗೆ ಏನೂ ಮಾಡಲಾಗದ ದಿನ ಹೆಸರುಬೇಳೆ ತೊವ್ವೆ ಮಾಡಿ. ಅದು ತೊಗರಿಗಿಂತ ಬಹಳ ಬೇಗ ಬೇಯುತ್ತದೆ. ತೆರೆದ ಪಾತ್ರೆಯಲ್ಲೇ ಅರ್ಧ ಗಂಟೆಯೊಳಗೆ ಆಗುತ್ತದೆ.

ಇದನ್ನು ಓದುವಾಗಲೇ ನಿಮ್ಮ ಒಲೆ ಮೇಲೆ ಬೇಯದ ಬೇಳೆ ಕೂತಿದ್ದರೆ ಹೀಗೆ ಮಾಡಿ. ಮೇಲಿನ ನೀರು ಬಗ್ಗಿಸಿ ಚೆಲ್ಲಿ. ಕುದಿಯುವ ಸಿಹಿನೀರು ಹಾಕಿ, ಉಗುರಿನ ತುದಿಯಲ್ಲಿ ನಿಲ್ಲುವಷ್ಟು ಅಡುಗೆ ಸೋಡಾ ಸೇರಿಸಿ, ಸಣ್ಣ ಉರಿಯಲ್ಲಿ ಇನ್ನೂ ಹತ್ತು ನಿಮಿಷ ಕುಕ್ಕರಿನಲ್ಲಿ ಬೇಯಿಸಿ. ಸೋಡಾ ಪೆಕ್ಟಿನ್ ಕರಗಿಸುತ್ತದೆ. ದಿನವೂ ಹಾಕುವ ಅಭ್ಯಾಸ ಬೇಡ, ಬೇಳೆಯಲ್ಲಿರುವ ಬಿ1 ಜೀವಸತ್ವ ಅದರಿಂದ ಹಾಳಾಗುತ್ತದೆ, ಜಾಸ್ತಿಯಾದರೆ ಸೋಪಿನ ರುಚಿಯೂ ಬರುತ್ತದೆ. ಅಷ್ಟಾದರೂ ಬಿಳಿ ಚುಕ್ಕೆ ಹೋಗದಿದ್ದರೆ ಬೇಳೆ ತಣ್ಣಗಾದ ಮೇಲೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ, ಮತ್ತೆ ಕುದಿಸಿ ಒಗ್ಗರಣೆ ಕೊಡಿ. ಇವತ್ತಿನ ಊಟಕ್ಕೆ ತೊವ್ವೆ ಆಯಿತು. ನಾಳೆ ಎರಡು ಬಟ್ಟಲಿನ ಪರೀಕ್ಷೆ ಮಾಡಿ.